ಕೆರೆ ಕೋಡಿಯ ವೀರಗಲ್ಲಿಗೆ ಉಲ್ಲೇಖ ಎಲ್ಲಿಂದ ತರುವುದು? ವಿಕಿಪೀಡಿಯದಲ್ಲಿ ಊರಿನ ಲೇಖನ ಬರೆಯುವ ಕುರಿತು ಚರ್ಚೆ

ಚಿಂತಾಮಣಿಯ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಬೇಸಿಗೆ ರಜೆಯಲ್ಲಿ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದು ನಮ್ಮ ಊರಿನ ಬಗ್ಗೆ ಒಂದು ಲೇಖನ ಬರೆದೆ. ನಮ್ಮೂರ ಕೆರೆಯ ಕೋಡಿ ಹತ್ತಿರ, ಹುಣಸೆ ಮರದ ಬುಡದಲ್ಲಿ ಅರ್ಧ ಹೂತುಹೋದ ಒಂದು ವೀರಗಲ್ಲು ಇದೆ. ಅದು ಟಿಪ್ಪುವಿನ ಕಾಲದ್ದೆಂದೂ, ಕೆರೆ ಒಡೆಯದಂತೆ ಕಾಯುತ್ತಾ ಸತ್ತ ನೀರುಗಂಟಿಯ ನೆನಪಿಗೆ ನಿಲ್ಲಿಸಿದ್ದೆಂದೂ ನಮ್ಮ ತಾತ ಹೇಳುತ್ತಿದ್ದರು. ಅದನ್ನೇ ಬರೆದೆ. ಕೆರೆಯ ವಿಸ್ತೀರ್ಣವನ್ನು ಪಹಣಿ ನೋಡಿ ಬರೆದೆ, ಕಲ್ಲಿನ ಚಿತ್ರವನ್ನೂ ಸೇರಿಸಿದೆ.

ಮರುದಿನ ನೋಡಿದರೆ ಮೂರು ಪ್ಯಾರಾಗಳು ಇರಲಿಲ್ಲ. ಇತಿಹಾಸ ಪುಟದಲ್ಲಿ 'ಉಲ್ಲೇಖವಿಲ್ಲ, ಸ್ವಂತ ಸಂಶೋಧನೆ' ಎಂಬ ಒಂದು ಸಾಲಿನ ಸಾರಾಂಶ ಮಾತ್ರ ಇತ್ತು. ತೆಗೆದವರ ಮೇಲೆ ನನಗೆ ಕೋಪವಿಲ್ಲ, ಆದರೆ ಮನಸ್ಸಿಗೆ ನೋವಾಗಿದ್ದು ನಿಜ. ಎಂಬತ್ತು ವರ್ಷ ಅದೇ ಊರಿನಲ್ಲಿ ಬಾಳಿದ ಒಬ್ಬರ ಮಾತು ಆಧಾರವಾಗುವುದಿಲ್ಲವೆಂದರೆ, ಪುಸ್ತಕಗಳಲ್ಲಿ ಎಂದೂ ಕಾಣಿಸಿಕೊಳ್ಳದ ನಮ್ಮಂಥ ಹಳ್ಳಿಗಳ ಬಗ್ಗೆ ಏನನ್ನು ತಾನೇ ಬರೆಯಬಹುದು? ತಿಳಿದವರು ದಯವಿಟ್ಟು ವಿವರಿಸಬೇಕು.

ಕೋಲಾರದ ಹಳೆಯ ಸಂಪಾದಕ:

ಮೇಡಂ, ಮೊದಲು ಒಂದು ಸಮಾಧಾನದ ಮಾತು. ನೀವು ಬರೆದ ಮೂರು ಪ್ಯಾರಾಗಳು ಎಲ್ಲಿಗೂ ಹೋಗಿಲ್ಲ. ಲೇಖನದ ಮೇಲಿರುವ 'ಇತಿಹಾಸ'ವನ್ನು ಒತ್ತಿದರೆ ಪ್ರತಿಯೊಂದು ಆವೃತ್ತಿಯೂ ದಿನಾಂಕ, ವೇಳೆ ಸಮೇತ ಸಿಗುತ್ತದೆ. ಅದನ್ನು ನಿಮ್ಮ ಪ್ರಯೋಗಪುಟಕ್ಕೆ, ಅಂದರೆ ಖಾತೆದಾರರು ಕರಡು ಬರೆದುಕೊಳ್ಳುವ ಪುಟಕ್ಕೆ, ನಕಲು ಮಾಡಿಟ್ಟುಕೊಂಡು ನಿಧಾನವಾಗಿ ತಿದ್ದಬಹುದು. ಇಲ್ಲಿ ಯಾವ ಬರಹವೂ ಒಮ್ಮೆ ತೆಗೆದ ಮಾತ್ರಕ್ಕೆ ಕೊನೆಯಾಗುವುದಿಲ್ಲ.

ಇನ್ನು ನಿಯಮದ ವಿಷಯ. ವಿಕಿಪೀಡಿಯದ ಬರಹವನ್ನು ಹಿಡಿದು ನಿಲ್ಲಿಸಿರುವ ಮೂಲ ನಿಯಮಗಳು ಮೂರು: ತಟಸ್ಥ ದೃಷ್ಟಿಕೋನ, ಪರಿಶೀಲನಾರ್ಹತೆ, ಮತ್ತು ಸ್ವಂತ ಸಂಶೋಧನೆ ಸಲ್ಲದು ಎಂಬುದು. ನಿಮ್ಮ ಲೇಖನಕ್ಕೆ ತಾಗಿದ್ದು ಕೊನೆಯ ಎರಡು. ಪರಿಶೀಲನಾರ್ಹತೆ ಎಂದರೆ, ನಿಮ್ಮನ್ನಾಗಲಿ ನಿಮ್ಮ ಊರನ್ನಾಗಲಿ ಎಂದೂ ನೋಡದ ಬೀದರದ ಒಬ್ಬ ಓದುಗ ಆ ವಾಕ್ಯ ಎಲ್ಲಿಂದ ಬಂತೆಂದು ಹುಡುಕಿ ಹೊರಟರೆ, ಅವನ ಕೈಗೆ ಸಿಗುವಂಥ ಪ್ರಕಟಿತ ಮೂಲವೊಂದು ಇರಬೇಕು ಎಂದರ್ಥ. ನಿಮ್ಮ ತಾತನವರು ಸುಳ್ಳು ಹೇಳಿದರೆಂದು ಯಾರೂ ಹೇಳುತ್ತಿಲ್ಲ. ಆ ಓದುಗ ಅವರ ಜಗಲಿಯ ಮೇಲೆ ಕುಳಿತು ಕೇಳಲು ಸಾಧ್ಯವಿಲ್ಲ, ಅಷ್ಟೇ.

ನೀವು ಹಾಕಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕೆಳಗಿನ ಪಟ್ಟಿಕೆಯಲ್ಲಿ ವೀರ ಬಿಲ್ಲು ಎಳೆದು ನಿಂತಿದ್ದಾನೆ, ಅವನ ಬೆನ್ನ ಹಿಂದೆ ಮೂರು ದನಗಳ ತಲೆಗಳಂತೆ ಏನೋ ಕಾಣಿಸುತ್ತದೆ, ಮೇಲಿನ ಪಟ್ಟಿಕೆಯಲ್ಲಿ ಇಬ್ಬರು ಹೆಂಗಸರು ಅವನನ್ನು ತೋಳು ಹಿಡಿದು ಕರೆದೊಯ್ಯುತ್ತಿದ್ದಾರೆ. ನಮ್ಮ ಕೋಲಾರದ ಕಡೆ ಗಂಗರ, ನೊಳಂಬರ ಕಾಲದ ಇಂಥ ಕಲ್ಲುಗಳು ಬೇಕಾದಷ್ಟಿವೆ, ಅವುಗಳಲ್ಲಿ ಎಷ್ಟೋ ತುರುಗೊಳಿನಲ್ಲಿ, ಅಂದರೆ ದನಗಳನ್ನು ಬಿಡಿಸಿಕೊಳ್ಳುವ ಕಾದಾಟದಲ್ಲಿ, ಮಡಿದವರಿಗಾಗಿ ನೆಟ್ಟವು. ಹಾಗಾಗಿ ಈ ಕಲ್ಲು ಟಿಪ್ಪುವಿಗಿಂತ ಹಲವು ಶತಮಾನ ಹಳೆಯದಿರಬಹುದು ಎಂದು ನನಗೆ ಅನಿಸುತ್ತದೆ. ಆದರೆ ಗಮನಿಸಿ, ನನಗೆ ಅನಿಸಿದ ಈ ಮಾತನ್ನೂ ಲೇಖನದಲ್ಲಿ ಬರೆಯುವಂತಿಲ್ಲ. ಚಿತ್ರ ನೋಡಿ ನಾನೇ ಕಾಲನಿರ್ಣಯ ಮಾಡಿದರೆ ಅದೂ ಸ್ವಂತ ಸಂಶೋಧನೆಯೇ. ಇಪ್ಪತ್ತು ವರ್ಷ ಶಾಸನ ಓದಿದವರಿಗೂ ಖಾತೆ ತೆರೆದು ಎರಡು ದಿನವಾದವರಿಗೂ ಇಲ್ಲಿ ಒಂದೇ ನಿಯಮ, ಮತ್ತು ಈ ಸಮಾನತೆಯೇ ನನ್ನನ್ನು ಇಷ್ಟು ವರ್ಷ ಇಲ್ಲಿ ಹಿಡಿದಿಟ್ಟಿದೆ.

ಪಹಣಿಯನ್ನು ಮಾತ್ರ ಎಂದೂ ಉಲ್ಲೇಖವಾಗಿ ಕೊಡಬೇಡಿ. ಅದರಲ್ಲಿ ಖಾಸಗಿ ಜನರ ಹೆಸರುಗಳಿರುತ್ತವೆ.

ತುಮಕೂರಿನ ನಿವೃತ್ತ ಗ್ರಂಥಪಾಲಕ:

ಮೇಲಿನ ಸ್ನೇಹಿತರು ನಿಯಮವನ್ನು ಸರಿಯಾಗಿ ಹೇಳಿದ್ದಾರೆ, ಹುಡುಕುವ ದಾರಿಯನ್ನು ನಾನು ಹೇಳುತ್ತೇನೆ. 'ನಮ್ಮ ಹಳ್ಳಿ ಪುಸ್ತಕದಲ್ಲಿ ಇಲ್ಲ' ಎಂದು ಬಹಳ ಜನ ನನ್ನ ಮೇಜಿನ ಮುಂದೆ ನಿಂತು ಹೇಳಿದ್ದಾರೆ. ಹುಡುಕಿದಾಗ ಅನೇಕರಿಗೆ ಸಿಕ್ಕಿದೆ.

ಬಿ. ಎಲ್. ರೈಸ್ ಅವರು ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಪ್ರಕಟವಾಯಿತು. ನಮ್ಮ ತುಮಕೂರು ಜಿಲ್ಲೆಯದು 12ನೆಯ ಸಂಪುಟ, 1904ರದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿಗಳ ಶಾಸನಗಳೆಲ್ಲ ಕೋಲಾರದ ಸಂಪುಟದಲ್ಲೇ ಇವೆ. ಹೊಸಬರು ಚಿಕ್ಕಬಳ್ಳಾಪುರದ ಸಂಪುಟವೆಂದು ಹುಡುಕಿ, ಸಿಗದೆ, ಕೈಬಿಡುತ್ತಾರೆ. ಊರ ಹೆಸರುಗಳ ಕಾಗುಣಿತವೂ ಹಳೆಯದು, ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ ಎಂದಿರುತ್ತದೆ. ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಹಾಕಿ ಜೋಡಿಸಿದ್ದಾರೆ. ಮೂಲ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಇರುತ್ತವೆ. ರೈಸ್ ತೀರಿಕೊಂಡದ್ದು 1927ರಲ್ಲಿ, ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆಯಾದ್ದರಿಂದ ಈ ಸಂಪುಟಗಳಿಗೆ ಆ ಅಡ್ಡಿಯೂ ಇಲ್ಲ. ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಗಂಗ ಅರಸರು ತಮ್ಮ ಶಾಸನಗಳಲ್ಲಿ 'ಕುವಳಾಲಪುರವರೇಶ್ವರ', 'ನಂದಗಿರಿನಾಥ' ಎಂದು ಹೇಳಿಕೊಳ್ಳುತ್ತಾರೆ. ಕುವಳಾಲವೇ ಕೋಲಾರ, ನಂದಗಿರಿಯೇ ನಂದಿಬೆಟ್ಟ ಎಂಬುದನ್ನು ವಿದ್ವಾಂಸರು ವಿವರಿಸಿ ಬರೆದಿದ್ದಾರೆ. ಶಾಸನದ ಕಲ್ಲು ಪ್ರಾಥಮಿಕ ಮೂಲ, ಅದನ್ನು ಓದಿ ಅರ್ಥೈಸಿ ಪ್ರಕಟಿಸಿದ ವಿದ್ವಾಂಸರ ಬರಹ ದ್ವಿತೀಯಕ ಮೂಲ. ನಾವು ಕಲ್ಲನ್ನು ಓದಿ ಬರೆಯುವುದಲ್ಲ, ಕಲ್ಲನ್ನು ಓದಿದವರ ಬರಹವನ್ನು ಓದಿ ಬರೆಯುವುದು. ನಾನು ಇದನ್ನು ಅರ್ಥ ಮಾಡಿಕೊಳ್ಳಲು ಬಹಳ ದಿನ ತೆಗೆದುಕೊಂಡೆ, ನಿಮಗೆ ಅಷ್ಟು ದಿನ ಬೇಕಾಗಲಾರದು.

ಉಲ್ಲೇಖ ಕೊಡುವಾಗ ಪುಸ್ತಕದ ಹೆಸರು ಬರೆದು ಬಿಟ್ಟುಬಿಡಬೇಡಿ. ಸಂಪುಟ, ವರ್ಷ, ತಾಲ್ಲೂಕು, ಶಾಸನದ ಸಂಖ್ಯೆ, ಪುಟ ಇಷ್ಟೂ ಬೇಕು. ನೂರಾರು ಪುಟಗಳ ಸಂಪುಟವನ್ನು ತೋರಿಸಿ 'ಇದರಲ್ಲಿದೆ' ಎಂದರೆ ಓದುಗನಿಗೆ ಏನೂ ತೋರಿಸಿದಂತಾಗುವುದಿಲ್ಲ.

ಗೌರಿಬಿದನೂರಿನ ವಿದ್ಯಾರ್ಥಿ:

ಹಿರಿಯರು ಕ್ಷಮಿಸಬೇಕು, ನಡುವೆ ನನ್ನದೊಂದು ಪ್ರಶ್ನೆ. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರ್ ಬಗ್ಗೆ ಬರೆಯುತ್ತಿದ್ದೇನೆ. ಮಡಿದವರ ಸಂಖ್ಯೆ ಒಂದು ಪುಸ್ತಕದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ನಾನು ಹೆಚ್ಚಿನ ಸಂಖ್ಯೆಯನ್ನು ಬರೆದೆ, ಬೇರೆಯವರು ಕಡಿಮೆ ಸಂಖ್ಯೆಗೆ ಬದಲಿಸಿದರು, ನಾನು ಮತ್ತೆ ತಿರುಗಿಸಿದೆ, ಅವರು ಮತ್ತೆ ಬದಲಿಸಿದರು. ಒಂದೇ ಸಂಜೆ ಹೀಗೆ ನಡೆಯಿತು. ನನ್ನ ಬಳಿ ಪುಸ್ತಕದ ಉಲ್ಲೇಖ ಇದೆ, ಅವರ ಬಳಿಯೂ ಇದೆ. ಸ್ವಾತಂತ್ರ್ಯಕ್ಕಾಗಿ ನಮ್ಮ ಊರ ಮಣ್ಣಿನಲ್ಲಿ ಸತ್ತವರನ್ನು ಕಡಿಮೆ ಮಾಡಿ ಹೇಳುವುದನ್ನು ನೋಡುತ್ತಾ ಕೂರಲು ನನ್ನಿಂದ ಆಗುತ್ತಿಲ್ಲ.

ಕೋಲಾರದ ಹಳೆಯ ಸಂಪಾದಕ:

ತಮ್ಮಾ, ನಿನ್ನ ಕಳಕಳಿ ಅರ್ಥವಾಗುತ್ತದೆ, ಆದರೆ ಮೊದಲು ಆ ತಿರುಗಿಸುವುದನ್ನು ನಿಲ್ಲಿಸು. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಹೀಗೆ ಮಾಡಿದರೆ ಖಾತೆಯನ್ನು ತಡೆಹಿಡಿಯುವ ನಿಯಮವೇ ಇದೆ. ಯಾವ ಭಾಷೆಯ ವಿಕಿಯಲ್ಲಾದರೂ ಸಂಪಾದನಾ ಸಮರ ಲೇಖನವನ್ನು ಒಂದು ಹೆಜ್ಜೆಯೂ ಮುಂದಕ್ಕೆ ಒಯ್ಯುವುದಿಲ್ಲ. ಚರ್ಚೆ ಪುಟಕ್ಕೆ ಹೋಗಿ ನಿನ್ನ ಪುಸ್ತಕದ ಪುಟಸಂಖ್ಯೆ ಬರೆ, ಅವರ ಪುಸ್ತಕದ ಪುಟಸಂಖ್ಯೆ ಕೇಳು, ಕೊನೆಯಲ್ಲಿ ನಾಲ್ಕು ಟಿಲ್ಡೆ ಚಿಹ್ನೆ ಹಾಕಿ ಸಹಿ ಮಾಡು. ಅವರೂ ಸದುದ್ದೇಶದಿಂದಲೇ ಬದಲಿಸಿದ್ದಾರೆ ಎಂದು ಭಾವಿಸಿ ಮಾತು ಆರಂಭಿಸುವುದು ನಿಯಮ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಅದು ನಿಜವೂ ಆಗಿರುತ್ತದೆ.

ಇನ್ನು, ಎರಡು ಮೂಲಗಳು ಬೇರೆ ಬೇರೆ ಹೇಳಿದಾಗ ನಾವು ತೀರ್ಪು ಕೊಡಬೇಕಾಗಿಲ್ಲ. ನಿಮ್ಮ ಜಿಲ್ಲೆಯಿಂದಲೇ ಇದಕ್ಕೊಂದು ನಿದರ್ಶನವಿದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಜನನ ಕೆಲವು ಮೂಲಗಳಲ್ಲಿ 1860ರ ಸೆಪ್ಟೆಂಬರ್ 15, ಕೆಲವು ಮೂಲಗಳಲ್ಲಿ 1861ರ ಸೆಪ್ಟೆಂಬರ್ 15. ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರಲ್ಲಿ, ಆದರೆ ಈಗ ಹೆಚ್ಚು ಕಡೆ ಕಾಣುವುದು 1861. ಇಂಥಲ್ಲಿ ಲೇಖನ ಎರಡನ್ನೂ ಹೇಳಬೇಕು, ಎರಡಕ್ಕೂ ಉಲ್ಲೇಖ ಕೊಡಬೇಕು. ವಿದುರಾಶ್ವತ್ಥದ ವಿಷಯದಲ್ಲೂ ಅಷ್ಟೇ. 'ಸರ್ಕಾರಿ ವಿಚಾರಣೆಯ ಪ್ರಕಾರ ಇಷ್ಟು, ಇಂಥ ಗ್ರಂಥದ ಪ್ರಕಾರ ಇಷ್ಟು' ಎಂದು ಯಾರ ಲೆಕ್ಕ ಯಾರದೆಂದು ಹೆಸರಿಸಿ ಬರೆ. ಗೋಲಿಬಾರ್ ನಡೆಸಿದ ಆಡಳಿತವೇ ಕೊಟ್ಟ ಸಂಖ್ಯೆ ಮತ್ತು ಚಳವಳಿಯವರು ಕೊಟ್ಟ ಸಂಖ್ಯೆ ಎರಡೂ ಒಂದೇ ಪ್ಯಾರಾದಲ್ಲಿ ಕಂಡಾಗ, ಓದುಗನಿಗೆ ಅಲ್ಲಿ ಅರ್ಥವಾಗುವುದು ಬಹಳವಿದೆ. ಒಂದನ್ನು ಅಳಿಸಿದರೆ ಆ ಅರ್ಥವೂ ಅಳಿಸಿಹೋಗುತ್ತದೆ.

'ದಕ್ಷಿಣದ ಜಲಿಯನ್‌ವಾಲಾ ಬಾಗ್' ಎಂಬ ಮಾತನ್ನು ಬಳಸುವುದಾದರೆ 'ಎಂದು ಕರೆಯುತ್ತಾರೆ' ಎಂಬುದನ್ನು ಸೇರಿಸಿ, ಹಾಗೆ ಕರೆದ ಮೂಲವನ್ನು ಕೊಡು. 'ಅಮರ', 'ಪುಣ್ಯಭೂಮಿ' ಎಂಬಂಥ ವಿಶೇಷಣಗಳನ್ನು ಬಿಡು. ಆ ದಿನ ಅಲ್ಲಿ ನಡೆದದ್ದನ್ನು ನೆಟ್ಟಗೆ ಬರೆದರೆ ಸಾಕು.

ಮುಳಬಾಗಿಲಿನ ಅನುವಾದಕಿ:

ಪತ್ರಿಕೆಯ ವರದಿಯೊಂದು ಸಿಕ್ಕಿಬಿಟ್ಟರೆ ಎಲ್ಲ ಮುಗಿಯಿತೆಂದು ಹೊಸಬರು ತಿಳಿಯುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. ಕೋಲಾರ ಜಿಲ್ಲೆಯ ಒಂದು ಬೆಟ್ಟದ ಲೇಖನದಲ್ಲಿ ಅದರ ಹೆಸರಿನ ಮೂಲದ ಬಗ್ಗೆ ಒಂದು ವಾಕ್ಯವಿತ್ತು, ಉಲ್ಲೇಖ ಇರಲಿಲ್ಲ. ಹುಡುಕಿದೆ. ಒಂದು ದಿನಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಅದೇ ಮಾತು ಸಿಕ್ಕಿತು. ಸಂತೋಷದಿಂದ ಉಲ್ಲೇಖ ಸೇರಿಸಿದೆ. ಆಮೇಲೆ ಯಾಕೋ ಅನುಮಾನ ಬಂದು ಲೇಖನದ ಇತಿಹಾಸವನ್ನು ಹಿಂದಕ್ಕೆ ಹಿಂದಕ್ಕೆ ತೆರೆಯುತ್ತಾ ಹೋದೆ. ಆ ವಾಕ್ಯ ವಿಕಿಪೀಡಿಯಕ್ಕೆ ಸೇರಿದ್ದು ಪುರವಣಿಯ ಲೇಖನ ಅಚ್ಚಾಗುವುದಕ್ಕೆ ಎರಡು ವರ್ಷ ಮೊದಲು, ಯಾರೋ ಲಾಗಿನ್ ಆಗದೆ ಬರೆದದ್ದು. ಪತ್ರಿಕೆಯಲ್ಲಿ ಅಲ್ಪವಿರಾಮ ಸಹಿತ ಅದೇ ವಾಕ್ಯ. ಅಂದರೆ ಅವರು ನಮ್ಮಿಂದ ತೆಗೆದುಕೊಂಡಿದ್ದರು, ನಾನು ಅದನ್ನೇ ಆಧಾರವೆಂದು ಮರಳಿ ತಂದಿದ್ದೆ. ನನ್ನ ಉಲ್ಲೇಖವನ್ನು ನಾನೇ ತೆಗೆದು 'ಉಲ್ಲೇಖದ ಅಗತ್ಯವಿದೆ' ಎಂಬ ಗುರುತು ಹಾಕಿದೆ. ವಿಕಿಪೀಡಿಯದ ಒಂದು ಲೇಖನ ಇನ್ನೊಂದು ಲೇಖನಕ್ಕೆ ಆಧಾರವಾಗಬಾರದು ಎಂಬ ನಿಯಮ ಯಾಕಿದೆಯೆಂದು ಆವತ್ತು ತಿಳಿಯಿತು. ಸುತ್ತಿ ಬಳಸಿ ಬಂದರೂ ಅದು ಅದೇ ನೀರು. ಸಾಲು ಲೇಖನಕ್ಕೆ ಸೇರಿದ ದಿನಾಂಕವನ್ನೂ ವರದಿಯ ದಿನಾಂಕವನ್ನೂ ಹೋಲಿಸಿ ನೋಡುವ ಅಭ್ಯಾಸ ಅಂದಿನಿಂದ ನನಗಿದೆ.

ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುವವರಿಗೆ ಒಂದು ಮಾತು. ಅನುವಾದ ಮಾಡುವ ಉಪಕರಣ ಇದೆ, ಉಲ್ಲೇಖಗಳನ್ನೂ ಅದೇ ತಂದು ಜೋಡಿಸುತ್ತದೆ. ಆದರೆ ಆ ಕೊಂಡಿಗಳು ಈಗಲೂ ತೆರೆದುಕೊಳ್ಳುತ್ತವೆಯೇ, ಆ ವಾಕ್ಯವನ್ನು ನಿಜವಾಗಿಯೂ ಹೇಳುತ್ತವೆಯೇ ಎಂದು ಒಂದೊಂದನ್ನಾಗಿ ತೆರೆದು ನೋಡುವ ಕೆಲಸ ನಮ್ಮದು. ಕೋಲಾರದ ಚಿನ್ನದ ಗಣಿಯ ಬಗ್ಗೆ ಓದುವಾಗ 'ಇತ್ತೀಚೆಗೆ ಮುಚ್ಚಲಾಯಿತು' ಎಂಬ ಅನುವಾದವೊಂದು ಕಣ್ಣಿಗೆ ಬಿತ್ತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಇಪ್ಪತ್ತು ವರ್ಷ ದಾಟಿದ ಮೇಲೂ ಆ ಪುಟದಲ್ಲಿ ಅದು ಇತ್ತೀಚಿನದಾಗಿಯೇ ಉಳಿದಿತ್ತು. 'ಈಗ', 'ಪ್ರಸ್ತುತ', 'ಇತ್ತೀಚೆಗೆ' ಎಂಬ ಪದಗಳ ಬದಲು ಇಸವಿ ಬರೆಯಿರಿ. ಊರಿನ ಜನಸಂಖ್ಯೆಯನ್ನೂ '2011ರ ಜನಗಣತಿಯಂತೆ' ಎಂದು ಬರೆದರೆ ಅದು ಎಂದಿಗೂ ತಪ್ಪಾಗುವುದಿಲ್ಲ.

ಪತ್ರಿಕೆಯಿಂದ, ಬ್ಲಾಗಿನಿಂದ ವಾಕ್ಯಗಳನ್ನು ಹಾಗೆಯೇ ಎತ್ತಿ ಅಂಟಿಸಬಾರದು, ಉಲ್ಲೇಖ ಕೊಟ್ಟರೂ ಅದು ಕೃತಿಚೌರ್ಯವೇ. ಓದಿ, ಪುಸ್ತಕ ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ಬರೆಯಿರಿ.

ಚಿಂತಾಮಣಿಯ ಶಿಕ್ಷಕಿ:

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಅಷ್ಟು ದಿನ ಹುಡುಕಾಟದಲ್ಲೇ ಹೋಯಿತು.

10ನೆಯ ಸಂಪುಟವನ್ನು ಇಳಿಸಿಕೊಂಡು ಚಿಂತಾಮಣಿ ತಾಲ್ಲೂಕಿನ ಶಾಸನಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹಳೆಯ ಕಾಗುಣಿತದಿಂದಾಗಿ ನಮ್ಮೂರಿನ ಹೆಸರನ್ನು ಮೊದಲ ಸಲ ಕಣ್ಣು ಹಾಯಿಸಿ ದಾಟಿಬಿಟ್ಟಿದ್ದೆ, ಎರಡನೆಯ ಸಲ ಸಿಕ್ಕಿತು. ಆ ಕ್ಷಣದ ಸಂತೋಷವನ್ನು ಹೇಗೆ ಹೇಳಲಿ! ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಯಾರೋ ನಮ್ಮೂರಿಗೆ ಬಂದು, ದೇವಸ್ಥಾನದ ಹಿಂದಿನ ಬಂಡೆಯ ಮುಂದೆ ಕುಳಿತು ಅಕ್ಷರಗಳನ್ನು ಬರೆದುಕೊಂಡು ಹೋಗಿದ್ದಾರೆ. ಆ ಬಂಡೆಯ ಮೇಲೆ ನಾವು ಚಿಕ್ಕವರಿದ್ದಾಗ ಹುಣಸೆಬೀಜ ಉಜ್ಜಿ ಆಡುತ್ತಿದ್ದೆವು. ಅದು ಕೆರೆಗೆ ಭೂಮಿ ಬಿಟ್ಟುಕೊಟ್ಟ ದಾನಶಾಸನ.

ಆದರೆ ಕೋಡಿಯ ವೀರಗಲ್ಲು ಆ ಸಂಪುಟದಲ್ಲಿ ಇಲ್ಲ. ಕಲ್ಲಿನ ಮೇಲೆ ವರ್ಷವರ್ಷವೂ ಸುಣ್ಣ ಬಳಿದು ಅಕ್ಷರವಿದೆಯೋ ಇಲ್ಲವೋ ಎಂದೇ ತಿಳಿಯುವುದಿಲ್ಲ. ನಾಲ್ಕು ದಿನ ಬೇಸರದಲ್ಲಿದ್ದೆ. ಈಗ ಹೀಗೆ ಮಾಡಬಹುದೇ ಎಂದು ಕೇಳುತ್ತೇನೆ. ದಾನಶಾಸನದ ಬಗ್ಗೆ ಉಲ್ಲೇಖ ಸಹಿತ ಒಂದು ಪ್ಯಾರಾ ಬರೆಯುವುದು. ವೀರಗಲ್ಲಿನ ಬಗ್ಗೆ ಕಾಲ, ಕಥೆ ಏನನ್ನೂ ಹೇಳದೆ ಚಿತ್ರವನ್ನು ಮಾತ್ರ ಉಳಿಸಿಕೊಳ್ಳುವುದು. ಶಾಸನದಲ್ಲಿ ಶಕವರ್ಷ ಕೊಟ್ಟಿದೆ, ಅದನ್ನು ನಾನೇ ಕ್ರಿಸ್ತಶಕಕ್ಕೆ ಪರಿವರ್ತಿಸಿದರೆ ಅದೂ ಸ್ವಂತ ಸಂಶೋಧನೆಯಾಗುತ್ತದೆಯೇ?

ತುಮಕೂರಿನ ನಿವೃತ್ತ ಗ್ರಂಥಪಾಲಕ:

ಓದಿ ಮನಸ್ಸು ತುಂಬಿತು, ಮೇಡಂ.

ಸರಳವಾದ ಕೂಡುವ ಕಳೆಯುವ ಲೆಕ್ಕವನ್ನು ಸ್ವಂತ ಸಂಶೋಧನೆ ಎಂದು ಪರಿಗಣಿಸುವುದಿಲ್ಲ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಆದರೆ ಶಕವರ್ಷದ ಕೊನೆಯ ತಿಂಗಳುಗಳು ಮುಂದಿನ ಇಸವಿಗೆ ದಾಟುವುದರಿಂದ ಕೆಲವೊಮ್ಮೆ 79 ಆಗುತ್ತದೆ. ಅಲ್ಲದೆ ಶಾಸನದವರು ಕಳೆದ ವರ್ಷವನ್ನು ಹೇಳಿದ್ದಾರೋ ನಡೆಯುತ್ತಿರುವ ವರ್ಷವನ್ನೋ ಎಂಬ ತೊಡಕೂ ಉಂಟು, ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡಬೇಕಾಗುತ್ತದೆ. ಆದ್ದರಿಂದ ನಾವು ಲೆಕ್ಕ ಹಾಕುವುದಕ್ಕಿಂತ ರೈಸ್ ಅನುವಾದದ ಮೇಲೆ ಕೊಟ್ಟಿರುವ ಇಸವಿಯನ್ನೇ ಬರೆದು, 'ರೈಸ್ ಅವರ ಪ್ರಕಾರ' ಎಂದು ಸೇರಿಸುವುದು ಒಳ್ಳೆಯದು. ನಂತರದ ವಿದ್ವಾಂಸರು ಅದನ್ನು ತಿದ್ದಿದ್ದರೆ, ತಿದ್ದುಪಡಿ ಸಿಕ್ಕ ದಿನ ಲೇಖನವನ್ನೂ ತಿದ್ದೋಣ.

ಒಂದು ಸಲಹೆ. ವೀರಗಲ್ಲು ಯಾವ ಪುಸ್ತಕದಲ್ಲೂ ಇಲ್ಲದಿದ್ದರೆ, ಅದನ್ನು ಪುಸ್ತಕಕ್ಕೆ ಸೇರಿಸುವ ದಾರಿ ಬೇರೆ ಇದೆ. ಇತಿಹಾಸ ವಿಭಾಗವಿರುವ ಕಾಲೇಜಿನವರಿಗೆ ಅಥವಾ ಪುರಾತತ್ತ್ವ ಇಲಾಖೆಗೆ ಚಿತ್ರ ಸಮೇತ ತಿಳಿಸಿ. ಅವರು ನೋಡಿ ಪ್ರಕಟಿಸಿದರೆ ಮುಂದೆ ಅದೇ ಉಲ್ಲೇಖವಾಗುತ್ತದೆ. ನಿಮ್ಮ ತಾತನವರ ಕಥೆಯನ್ನೂ ಜಾನಪದ ಸಂಗ್ರಹ ಮಾಡುವವರಿಗೆ ಹೇಳಿ. ಪ್ರಕಟವಾದ ಮೇಲೆ 'ಸ್ಥಳೀಯ ಐತಿಹ್ಯದ ಪ್ರಕಾರ' ಎಂದು ಬರೆಯಲು ಯಾವ ತಡೆಯೂ ಇರುವುದಿಲ್ಲ. ಮುಳಬಾಗಿಲು ತಾಲ್ಲೂಕಿನ ಆವನಿಯನ್ನು ವಾಲ್ಮೀಕಿ ಆಶ್ರಮವೆಂದೂ ಲವಕುಶರ ಜನ್ಮಸ್ಥಳವೆಂದೂ ಜನ ನಂಬುವ ಸಂಗತಿ ಇತಿಹಾಸದ ಭಾಗಕ್ಕೆ ಸೇರುವುದಿಲ್ಲ, ಆದರೆ ಐತಿಹ್ಯವೆಂಬ ಹೆಸರಿನಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಸುಣ್ಣವನ್ನು ಮಾತ್ರ ನೀವೇ ಕೆರೆದು ತೆಗೆಯಲು ಹೋಗಬೇಡಿ, ಕೆಳಗೆ ಅಕ್ಷರಗಳಿದ್ದರೆ ಅವೂ ಹೋಗುತ್ತವೆ.

ಕೋಲಾರದ ಹಳೆಯ ಸಂಪಾದಕ:

ಚಿತ್ರವನ್ನು ಖಂಡಿತ ಉಳಿಸಿಕೊಳ್ಳಿ. ನೀವೇ ತೆಗೆದ ಚಿತ್ರವಾದ್ದರಿಂದ ವಿಕಿಯ ಚಿತ್ರಗಳ ಭಂಡಾರವಾದ ಕಾಮನ್ಸ್‌ಗೆ ಮುಕ್ತ ಪರವಾನಗಿಯಲ್ಲಿ ಸೇರಿಸಬಹುದು, ತೆಗೆದ ದಿನಾಂಕ ಮತ್ತು ಸ್ಥಳ ಬರೆಯುವುದನ್ನು ಮರೆಯಬೇಡಿ. ಅಡಿಬರಹದಲ್ಲಿ ಯಾರು ನೋಡಿದರೂ ಕಾಣುವಷ್ಟನ್ನು ಮಾತ್ರ ಹೇಳಿ. ನಿಮ್ಮ ದಾನಶಾಸನದ ಪ್ಯಾರಾವನ್ನು ಇಲ್ಲಿ ಹಾಕಿದರೆ ನಾವೆಲ್ಲ ಒಮ್ಮೆ ನೋಡುತ್ತೇವೆ.

ಚಿಂತಾಮಣಿಯ ಶಿಕ್ಷಕಿ:

ಪ್ಯಾರಾವನ್ನು ಪ್ರಯೋಗಪುಟದಲ್ಲಿ ಇಟ್ಟಿದ್ದೇನೆ. ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ, ಪುಟ ಎಲ್ಲವನ್ನೂ ಕೊಟ್ಟಿದ್ದೇನೆ. ಸಂಪಾದನೆಯ ಸಾರಾಂಶದಲ್ಲಿ 'ದಾನಶಾಸನದ ಮಾಹಿತಿ, ಉಲ್ಲೇಖ ಸಹಿತ. ವೀರಗಲ್ಲಿನ ಕಾಲದ ಬಗೆಗಿನ ಹಳೆಯ ಹೇಳಿಕೆಯನ್ನು ಮರಳಿ ಸೇರಿಸಿಲ್ಲ' ಎಂದು ಬರೆಯುವೆ. ಚಿತ್ರದ ಅಡಿಬರಹ ಹೀಗಿದೆ: 'ಕೆರೆಯ ಕೋಡಿಯ ಬಳಿ ಇರುವ ಪ್ರಾಚೀನ ವೀರಗಲ್ಲು; ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ವೀರ.' ಸರಿಯಿದೆಯೇ?

ಮುಳಬಾಗಿಲಿನ ಅನುವಾದಕಿ:

ಪುಟಸಂಖ್ಯೆಯನ್ನು ತೆರೆದು ನೋಡಿದೆ, ಶಾಸನ ಅದೇ ಪುಟದಲ್ಲಿದೆ. ಅಡಿಬರಹದಲ್ಲಿ 'ಪ್ರಾಚೀನ' ಎಂಬ ಒಂದು ಪದ ತೆಗೆದುಬಿಡಿ, ಅದಕ್ಕೆ ನಮ್ಮ ಬಳಿ ಇನ್ನೂ ಆಧಾರವಿಲ್ಲ. ಉಳಿದದ್ದನ್ನು ಲೇಖನಕ್ಕೆ ಸೇರಿಸಬಹುದು.

ಚಿಂತಾಮಣಿಯ ಶಿಕ್ಷಕಿ:

ತೆಗೆದೆ. ಈಗ ಲೇಖನಕ್ಕೆ ಸೇರಿಸಿದ್ದೇನೆ.